ಅಕ್ಕನ ಹೊಲ ಕತ್ತಲಾದ ಹದಿನೈದು ದಿನ

೧ ಅಕ್ಟೋಬರ್ ೨೦೨೫, ಬುಧವಾರ. ಖಂಡೇನವಮಿ. ಬೈಲಹೊಂಗಲ

ಪೆನ್ನುಗಳೆಲ್ಲ ಪೂಜೆಯಲ್ಲಿರುವುದರಿಂದ ಇಂದಿನ ಬರಹ ಸೀಸದಕಡ್ಡಿಯಲ್ಲಿ.

ಪೂಜೆ ಕ್ರಮವರಿತು ನಡೆಯಿತು. ಪಡಸಾಲೆಯಲ್ಲಿ ಕರಿಯ ಕಂಬಳಿ ಹಾಸಿ ಮನೆಯ ಸಮಸ್ತ ಆಯುಧಗಳನ್ನೂ ಸಾಲಾಗಿ ಇರಿಸಿದೆ: ಮಗ ಕಲ್ಮೇಶನ ಕಾಳಿನ ಅಂಗಡಿಯ ತಕ್ಕಡಿ, ಸೊಸೆ ರೇಣುವಿನ ಹೊಲಿಗೆ ಯಂತ್ರ, ಕುಡಗೋಲು, ಈಳಿಗೆ, ನಲವತ್ತೊಂದು ವರ್ಷ ಊರವರ ಆಸ್ತಿಪತ್ರಗಳನ್ನು ಬರೆದು ಈ ಮನೆಯನ್ನು ನಡೆಸಿದ ನನ್ನ ಮೂರು ಶಾಯಿ ಪೆನ್ನುಗಳು. ಸಾಲಿನ ತುದಿಗೆ ಅಕ್ಕ ಸುಂದರವ್ವ ತನ್ನ ಆಟಿಕೆಯನ್ನು ಎಡಗೈಯಲ್ಲಿ ತಂದು ಇಟ್ಟಳು.

“ಅದು ಆಟದ ಸಾಮಾನಲ್ಲೇನ ಅಕ್ಕಾ?”

“ಈ ವರ್ಷ ನಿನ್ನ ಪೆನ್ನಿಗಿಂತ ಹೆಚ್ಚ ದುಡದೈತಿ ಅದು. ಸುಮ್ನ ಪೂಜಾ ಮಾಡು.”

ಫೆಬ್ರುವರಿಯಲ್ಲಿ ಪಾರ್ಶ್ವವಾಯು ಬಡಿದು ಅಕ್ಕನ ಬಲಗೈ ಬಿದ್ದುಹೋಯಿತು. ಕಿತ್ತೂರಿನಿಂದ ಅವಳನ್ನು ಇಲ್ಲಿಗೆ ಕರೆತಂದೆವು. ಕಲ್ಮೇಶನ ಬಳಿ ಕೈಯಲ್ಲಿ ಹಿಡಿದು ಆಡುವ ಗಣಕವೊಂದಿತ್ತು. ಶಾಲೆಮಕ್ಕಳ ಅರ್ಧ ಪಾಟಿಯಷ್ಟು ಪರದೆ, ಅದರ ಎರಡು ಬದಿಗೆ ಹೆಬ್ಬೆರಳಿನಿಂದ ಹೊರಳಿಸುವ ಎರಡು ಪುಟ್ಟ ಹಿಡಿಕೆ. ಬೇಸರ ಕಳೆಯಲೆಂದು ಅವನು ಅದನ್ನು ಅತ್ತೆಯ ಮಡಿಲಲ್ಲಿಟ್ಟ. ಅದರೊಳಗೊಂದು ಬೇಸಾಯದ ಆಟವಿದೆ. ನಲವತ್ತು ವರ್ಷ ಕಿತ್ತೂರಿನಲ್ಲಿ ಹೊಲ ಮಾಡಿದವಳು ಈಗ ಅದರೊಳಗೆ ಹೊಲ ಮಾಡುತ್ತಿದ್ದಾಳೆ. ಹೆಬ್ಬೆರಳು ಮಿಸುಕಿತು, ಆಮೇಲೆ ಉಳಿದ ಬೆರಳುಗಳೂ ಮಡಚಿದವು. ಆಟವೇ ಕಾರಣವೆಂದು ವೈದ್ಯರ ಅಭಿಪ್ರಾಯ. ಕಾಲವೂ ಒಂದು ಔಷಧವೆಂದು ನನ್ನ ಅಭಿಪ್ರಾಯ.

ಆದರೆ ಪಂಕ್ತಿಯಲ್ಲಿ ಕೂರಿಸಿದ ಮೇಲೆ ಪಂಕ್ತಿಭೇದ ಸಲ್ಲದು. ತಕ್ಕಡಿಗೆ ಸಂದದ್ದೆಲ್ಲ ಅದಕ್ಕೂ ಸಂದಿತು: ನೀರಿನಲ್ಲಿ ಕಲಸಿದ ವಿಭೂತಿಯ ಮೂರು ಧಾರಾಳ ಪಟ್ಟೆ, ನಡುವೆ ಕುಂಕುಮ, ಮೇಲೆ ಒಂದು ಹಿಡಿ ಅಕ್ಷತೆ. ವಿಭೂತಿ ತುಸು ತೆಳುವಾಗಿ ಹರಿಯಿತು. ಯಂತ್ರದ ಮೇಲ್ಬದಿಯಲ್ಲಿ ಸಣ್ಣ ಸೀಳುಗಳಿರುವುದರಿಂದ ಹೆಚ್ಚಾದದ್ದು ತಾನೇ ಒಳಗಿಳಿದು, ಒರೆಸುವ ಶ್ರಮ ಉಳಿಯಿತು.

ಹೋಳಿಗೆ ಚೆನ್ನಾಗಿತ್ತು.

೨ ಅಕ್ಟೋಬರ್, ಗುರುವಾರ. ವಿಜಯದಶಮಿ

ಬನ್ನಿ ಹಂಚಿ ಬಂಗಾರದಂತೆ ಇರೋಣವೆಂದು ಎಲ್ಲರೂ ಕೈಮುಗಿದುಕೊಂಡ ಅರ್ಧ ಗಂಟೆಯೊಳಗೆ ಮನೆಯಲ್ಲಿ ಜಗಳ. ಅಕ್ಕನ ಆಟಿಕೆ ಬೆಳಗುತ್ತಿಲ್ಲ. ಗುಂಡಿ ಒತ್ತಿದರೂ ಒತ್ತಿ ಹಿಡಿದರೂ ಪರದೆ ಕಪ್ಪಾಗಿಯೇ ಇದೆ.

“ನವಮಿ ಹಿಂದಿನ ದಿನ ನೀನ ಆಡಿದ್ದಿ. ಏನ ಒತ್ತಿದಿ ಹೇಳು!” ಎಂದು ಅಕ್ಕ ಕಲ್ಮೇಶನ ಬೆನ್ನುಹತ್ತಿದಳು.

“ಅತ್ತೀ, ನಾ ಬರೇ ಹತ್ತ ನಿಮಿಷ ಕಾರ್ ಓಡಿಸೇನಿ. ನಿನ್ನ ಹೊಲಕ್ಕ ಕಾಲ ಇಟ್ಟಿಲ್ಲ.”

“ನಿನ್ನ ಕಾರ ಹಾದು ಹೋಗಿ ನನ್ನ ಹೊಲಾ ಹಾಳಾಗೇತಿ!”

ನಲವತ್ತೆರಡು ವರ್ಷದ ಕಲ್ಮೇಶ ತಲೆ ತಗ್ಗಿಸಿ ನಿಂತ. ಪರರ ವಸ್ತುವನ್ನು ಬಳಸುವಾಗ ಎಚ್ಚರವಿರಬೇಕೆಂದು ನಾನೂ ಎರಡು ಮಾತು ಹೇಳಿದೆ. ಯಂತ್ರ ಅವನದೇ ಎಂದು ರೇಣು ಗೊಣಗಿದಳು. ಆ ಮಾತು ಅಪ್ರಸ್ತುತ.

೪ ಅಕ್ಟೋಬರ್, ಶನಿವಾರ

ವಿದ್ಯುತ್ತು ಇಳಿದುಹೋಗಿರಬೇಕೆಂದು ಎರಡು ದಿನ ತಂತಿಗೆ ಜೋಡಿಸಿಟ್ಟರು. ಉರಿಯಬೇಕಾದ ಪುಟ್ಟ ದೀಪ ಉರಿಯಲಿಲ್ಲ. ನೆರೆಯವರ ತಂತಿ ತಂದರು. ಅದು ಪೂರ್ತಿಯಾಗಿ ಒಳಗೆ ಹೋಗದೆ ಸಡಿಲವಾಗಿ ತೂಗಾಡಿತು.

ಈ ಆಟಿಕೆಗೆ ಇಷ್ಟು ಗದ್ದಲವೇಕೆಂದು ನನಗೆ ನಾನೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಇದೇ ತಿಂಗಳ ಇಪ್ಪತ್ತೇಳಕ್ಕೆ ಕಿತ್ತೂರಿನ ನೋಂದಣಿ ಕಚೇರಿಯಲ್ಲಿ ಅಕ್ಕನ ದಾನಪತ್ರವಿದೆ. ನಲವತ್ತು ವರ್ಷ ತನ್ನೊಡನೆ ಕಳೆ ಕಿತ್ತ ಕೆಂಚವ್ವನಿಗೆ, ಅವಳು ಈಗ ವಾಸಿಸುವ ಹಿತ್ತಿಲ ಮನೆಯನ್ನು ಕೊಡಬೇಕೆಂದು ಅಕ್ಕನ ಸಂಕಲ್ಪ. ಪತ್ರವನ್ನು ನಾನೇ ಬರೆದಿದ್ದೇನೆ. ಹೆಬ್ಬೆಟ್ಟಿನ ಗುರುತು ಹಾಕಿದರೂ ಅದು ನೂರಕ್ಕೆ ನೂರು ಊರ್ಜಿತ. ಅಕ್ಕ ಒಪ್ಪುವುದಿಲ್ಲ.

“ಸಹಿ ಮಾಡತೇನಿ. ಇಲ್ಲಾಂದ್ರ ಪತ್ರನ ಬ್ಯಾಡ.”

ದಿನವೂ ಒಂದು ತಾಸು ಆಡಿ, ಕೈ ಬೆಚ್ಚಗಾದೊಡನೆ ಪೆನ್ನು ಹಿಡಿಯುವುದು ಅವಳ ಪದ್ಧತಿ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ‘ಸುಂದರ’ದವರೆಗೆ ಬಂದಿದ್ದಳು. ಇಂದು ‘ಸು’ ಬರೆದು ಪೆನ್ನು ಬಿತ್ತು.

ಅವಳ ಈ ಹಟದ ಮೂಲ ನನಗೆ ಗೊತ್ತು. ಅದನ್ನು ಬರೆಯುವ ಅಗತ್ಯವಿಲ್ಲ.

೭ ಅಕ್ಟೋಬರ್, ಮಂಗಳವಾರ

ಪೇಟೆಯಲ್ಲಿ ಬಾಳು ಎಂಬವನ ಮೊಬೈಲ್ ಅಂಗಡಿಗೆ ನಾನೇ ಒಯ್ದೆ. ಅವನು ಯಂತ್ರವನ್ನು ಬಿಚ್ಚದೆ, ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿಯಂತೆ ಅಲುಗಾಡಿಸಿದ.

“ಬೋರ್ಡ ಹೋಗೇತ್ರಿ ಅಜ್ಜಾರ. ಒಳಗಿಂದೆಲ್ಲಾ ಹೊಸಾದ ಹಾಕಬೇಕ್ರಿ. ಹಳೀದೆಲ್ಲಾ ಅಳಿಸಿ ಹೋಕ್ಕೈತಿ.”

ಮನೆಗೆ ಬಂದು ತಿಳಿಸಿದೆ. ಅಕ್ಕ ಎದ್ದು ಕುಳಿತಳು.

“ಅಳಿಸೂದಂದ್ರ? ನನ್ನ ಮೂರು ಕೂರಿಗಿ ಹೊಲಾ? ಗೌರಿ?”

ಗೌರಿ ಎಂಬುದು ಆಟದೊಳಗಿನ ನೀಲಿ ಬಣ್ಣದ ಹಸು. ಐದು ದಿನದಿಂದ ಅದು ಉಪವಾಸವಿದೆಯೆಂದು ಅಕ್ಕನ ಚಿಂತೆ. ಯಂತ್ರ ನಿಂತಾಗ ಅಲ್ಲಿಯ ಕಾಲವೂ ನಿಲ್ಲುತ್ತದೆಂದು ಕಲ್ಮೇಶ ವಿವರಿಸಿದ. “ಹಸಿವಿ ನಿಲ್ಲತೈತೇನ?” ಎಂದಳು.

೮ ಅಕ್ಟೋಬರ್, ಬುಧವಾರ

ಆಟಿಕೆಗೆ ಬದಲಾಗಿ ಹಿಚುಕಲು ರಬ್ಬರಿನ ಚೆಂಡನ್ನು ತಂದುಕೊಟ್ಟೆ. ಎಡಗೈಯಿಂದ ನನ್ನತ್ತಲೇ ಎಸೆದಳು. ಗುರಿ ನಿಖರವಾಗಿತ್ತು.

೧೧ ಅಕ್ಟೋಬರ್, ಶನಿವಾರ

ಸವದತ್ತಿಗೆ ಹೋಗಿಬಂದೆ. ಅಲ್ಲಿ ಇಂಥ ಯಂತ್ರಗಳನ್ನು ಬಿಚ್ಚುವವಳೊಬ್ಬಳಿದ್ದಾಳೆಂದು ರೇಣು ಪತ್ತೆಹಚ್ಚಿದ್ದಳು. ಅಂಗಡಿಯ ಬಾಗಿಲಲ್ಲಿ ನಿಂತಾಗ ತಿಳಿಯಿತು, ಅದು ಗಡಿಯಾರ ದುರಸ್ತಿಯ ಬುರಾನಸಾಬನ ಅಂಗಡಿ. ಸವದತ್ತಿಯ ಕಚೇರಿಯ ಮುಂದೆ ನಾನು ಪತ್ರ ಬರೆಯುತ್ತಿದ್ದ ಕಾಲದಲ್ಲಿ ಮನೆಯ ಗಡಿಯಾರಗಳಿಗೆಲ್ಲ ಅವನೇ ವೈದ್ಯ. ಈಗ ಮೇಜಿನ ಹಿಂದೆ ಮಗಳು ಹಿನಾಕೌಸರ ಕುಳಿತಿದ್ದಾಳೆ. ಅಪ್ಪ ಮೂಲೆಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೆಲಸವಿಲ್ಲದಿದ್ದರೂ ಕೆಲಸದ ಭಂಗಿಯಲ್ಲಿ.

“ಅರೆ, ಬಾಂಡ್ ಬರಿಯೂ ಸಾಹೇಬ್ರು! ಬರ್ರಿ, ಕುಂದರ್ರಿ. ಬೇಟಿ, ಚಾ ಹೇಳು. ಇವ್ರು ಒಂದು ಕಾಮಾ ತಪ್ಪಿದ್ರ ಇಡೀ ಪತ್ರಾ ಹರದ ಒಗೀತಿದ್ರು.”

ಹಿನಾಕೌಸರ ಯಂತ್ರವನ್ನು ಅಲುಗಾಡಿಸಲಿಲ್ಲ. ಮೊದಲು ಕೇಳಿದಳು: “ಕಡೀಕ ಯಾವತ್ತ ನಡದಿತ್ರಿ ಕಾಕಾ? ಆಮ್ಯಾಲೆ ಯಾರ್ಯಾರ ಕೈಯಾಗ ಹೋತು?”

ಈ ಪ್ರಶ್ನೆ ನನಗೆ ಬಹಳ ಹಿಡಿಸಿತು. ಆಸ್ತಿಯ ಶೋಧವೂ ಹೀಗೆಯೇ. ತಕರಾರು ಎಲ್ಲಿ ಹುಟ್ಟಿತೆಂದು ತಿಳಿಯಬೇಕಾದರೆ, ನಿರ್ವಿವಾದವಾಗಿದ್ದ ಕೊನೆಯ ದಿನಕ್ಕೆ ಹೋಗಿ, ಅಲ್ಲಿಂದ ಕೈಯಿಂದ ಕೈಗೆ ಇಳಿದು ಬರಬೇಕು. ಕಾಗದ ಕೇಳಿ ಪಡೆದು ಬರೆಯತೊಡಗಿದೆ: ಸೆಪ್ಟೆಂಬರ್ ಮೂವತ್ತರ ಸಂಜೆಯವರೆಗೆ ಸುಂದರವ್ವನ ಸ್ವಾಧೀನ, ಆ ಸಂಜೆ ಹತ್ತು ನಿಮಿಷ ಕಲ್ಮೇಶನ ಸ್ವಾಧೀನ, ಅಕ್ಟೋಬರ್ ಎರಡರ ಬೆಳಿಗ್ಗೆ ಮತ್ತೆ ಸುಂದರವ್ವನ ಕೈಗೆ ಬಂದಾಗ ಕತ್ತಲೆ.

ಬುರಾನಸಾಬ ಕಾಗದವನ್ನು ಕನ್ನಡಿಯ ಕಣ್ಣಿಗೆ ಹತ್ತಿರ ಹಿಡಿದು ಓದಿದ.

“ನಡುವ ಒಂದು ದಿವಸ ಖಾಲಿ ಬಿಟ್ಟೀರಲ್ರಿ ಸಾಹೇಬ್ರ.”

ಅಂದು ಯಾರೂ ಅದನ್ನು ಮುಟ್ಟಲಿಲ್ಲ, ನವಮಿಯಾಗಿತ್ತು ಎಂದೆ. ಅವನು “ಹೌದ್ರಿ, ಹೌದ್ರಿ” ಎನ್ನುತ್ತ ಕಾಗದವನ್ನು ಮಡಿಚಿಟ್ಟ.

ಅಷ್ಟರಲ್ಲಿ ಹಿನಾಕೌಸರ ತಂತಿ ಸಿಕ್ಕಿಸುವ ರಂಧ್ರದೊಳಗೆ ಬೆಳಕು ಹಾಯಿಸಿ, ಸೂಜಿಮೊನೆಯ ಚಿಮಟದಿಂದ ಏನನ್ನೋ ಹೊರಗೆಳೆದಳು. ಅಂಗೈಯ ಮೇಲಿಟ್ಟು ತೋರಿಸಿದಳು. ಅರಿಸಿನದ ಬಣ್ಣದ ಒಂದು ಅಕ್ಕಿಕಾಳು.

“ನಿಮ್ಮ ಅಕ್ಕಾರು ಇದರಾಗ ಭತ್ತಾನೂ ಬೆಳೀತಾರೇನ್ರಿ?”

ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಈಗ ತಂತಿ ಪೂರ್ತಿ ಒಳಗೆ ಕುಳಿತು ಪುಟ್ಟ ದೀಪ ಉರಿಯಿತು! ಆದರೆ ಗುಂಡಿ ಒತ್ತಿದಾಗ ಒಳಗೆ ಏನೋ ಗೊರಗುಟ್ಟಿ ನಿಂತಿತು; ಪರದೆ ಬೆಳಗಲಿಲ್ಲ. ಬಿಚ್ಚಬೇಕು, ಮಂಗಳವಾರ ಬನ್ನಿ ಎಂದಳು.

ಅಕ್ಷತೆ ಎಲ್ಲಿಂದಲಾದರೂ ಬಂದಿರಬಹುದು. ಮದುವೆ ಮನೆಗಳಿಂದ ಬಟ್ಟೆಗೆ ಅಂಟಿ ಬರುವುದುಂಟು. ಈ ತಿಂಗಳು ನಾವು ಯಾವ ಮದುವೆಗೂ ಹೋಗಿಲ್ಲವೆಂಬುದು ಮರಳುವ ದಾರಿಯಲ್ಲಿ ಮುರಗೋಡ ದಾಟುವಾಗ ನೆನಪಾಯಿತು.

೧೨ ಅಕ್ಟೋಬರ್, ಭಾನುವಾರ

ಕಲ್ಮೇಶ ಅತ್ತೆಗೆಂದು ಕರದಂಟು ತಂದ. ಅಕ್ಕ ತೆಗೆದುಕೊಂಡಳು, ಮಾತಾಡಿಸಲಿಲ್ಲ. ಅವನ ಮುಖ ಸಣ್ಣದಾಯಿತು. ನನಗೆ ಕರದಂಟು ರುಚಿಸಲಿಲ್ಲ, ಅಂಟು ಹೆಚ್ಚಾಗಿರಬೇಕು.

೧೪ ಅಕ್ಟೋಬರ್, ಮಂಗಳವಾರ

ದಿನವೆಲ್ಲ ಸವದತ್ತಿಯಲ್ಲಿ ಕಳೆಯಿತು. ಬಹಳ ಬರೆಯುವುದಿದೆ.

ಯಂತ್ರದ ಬೆನ್ನಿಗೆ ಎಂಟು ತಿರುಪುಗಳು, ನಾಲ್ಕು ಉದ್ದ, ನಾಲ್ಕು ಗಿಡ್ಡ. ಹಿನಾಕೌಸರ ಮೊದಲು ಕಾಗದದ ಮೇಲೆ ಯಂತ್ರದ ಆಕಾರ ಬರೆದು, ಬಿಚ್ಚಿದ ಒಂದೊಂದನ್ನೂ ಅದರದರ ಸ್ಥಾನದಲ್ಲೇ ಚುಚ್ಚಿ ನಿಲ್ಲಿಸಿದಳು. ಉದ್ದನೆಯದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಅದು ಒಳಗಿನ ಹಲಗೆಯನ್ನೇ ತೂತು ಮಾಡುತ್ತದಂತೆ. ಇಷ್ಟು ಶಿಸ್ತನ್ನು ಕಚೇರಿಗಳಲ್ಲೂ ನಾನು ಕಂಡದ್ದು ವಿರಳ.

ಬೆನ್ನಿನ ಕವಚ ಎತ್ತಿದಳು. ಒಳಗಿನ ಪುಟ್ಟ ಬೀಸಣಿಗೆಯ ರೆಕ್ಕೆಗಳ ನಡುವೆ ಬೂದುಬಣ್ಣದ ಗಾರೆ ಗಟ್ಟಿಯಾಗಿ ಕುಳಿತಿತ್ತು. ಅದರ ಕೆಳಗೆ, ಹಸಿರು ಹಲಗೆಯ ಮೇಲೆ, ಮೂರು ಬಿಳಿಯ ಕಾಲುವೆಗಳು ಇಳಿದುಹೋಗಿದ್ದವು. ಮೂರು. ಸಮಾನಾಂತರವಾಗಿ.

ಹಿನಾಕೌಸರ ಬೆರಳಿನಿಂದ ಉಜ್ಜಿ, ಮೂಸಿ, ಅಪ್ಪನ ಕಡೆ ತಿರುಗಿದಳು. “ಅಬ್ಬಾ, ಇದು ವಿಭೂತಿ. ಯಾರರೆ ಇದಕ್ಕ ಹಚ್ಚೀರೇನ್ರಿ ಕಾಕಾ?”

ನಾನು ಗೋಡೆಯ ಗಡಿಯಾರಗಳನ್ನು ನೋಡಿದೆ. ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು.

ಮೂಲೆಯಿಂದ ಬುರಾನಸಾಬ ಮೆಲ್ಲಗೆ ಹೇಳಿದ: “ಮೂವತ್ತ ವರ್ಷ ಆತೇನ್ರಿ? ಒಂದು ಗ್ವಾಡಿ ಗಡಿಯಾರ ತಂದಿದ್ರಿ. ಹನ್ನೆರಡರ ಮ್ಯಾಗ ಮುಳ್ಳು ನಿಂತಿತ್ತು. ಬಿಚ್ಚಿ ನೋಡಿದ್ರ ಗಾಲಿ ತುಂಬ ಕುಂಕುಮಾ. ಆಗೂ ನೀವು ಕೈ ಹಚ್ಚಿರಲಿಲ್ರಿ.”

“ಪೂಜೆ ಮಾಡಿದೆ,” ಎಂದೆ. ಬಾಯಿಂದ ಹೊರಬಿದ್ದ ಮಾತು ಅಷ್ಟೇ.

“ಮಾಡ್ರಿ, ಮಾಡ್ರಿ!” ಅವನು ತೊಡೆ ತಟ್ಟಿಕೊಂಡು ನಕ್ಕ. “ನವಮಿ ಆತಂದ್ರ ನಮ್ಮ ಅಂಗಡಿ ಭರ್ತಿ. ತಕ್ಕಡಿ ಬರತಾವು, ಮೋಟರ ಬರತಾವು, ಮೊಬೈಲ ಬರತಾವು. ಎಲ್ಲಾದರ ಹಣಿಮ್ಯಾಗ ವಿಭೂತಿ. ನಿಮ್ಮ ದೇವ್ರು ವರ್ಷಾ ತಪ್ಪದ ನಮ್ಮ ಹೊಟ್ಟಿ ನೋಡ್ಕೊತಾನ್ರಿ.”

ಹಿನಾಕೌಸರ ಮಾತ್ರ ನಗದೆ ನನ್ನ ಮುಖವನ್ನು ನೋಡಿದಳು. “ಕಾಕಾ, ಕನ್ನಡಕಾ ಒರಿಸ್ಕೊಂಡು ಬರ್ರಿ ಇಲ್ಲೆ. ನಿಮ್ಮ ಕೈ ನಡುಗೂದಿಲ್ಲ ಅಂತ ಅಬ್ಬಾ ಹೇಳತಾರು. ಈ ಪಟ್ಟಿ ಅಂಚಿನ ಹಲ್ಲು ನೀವ ತೊಳೀರಿ.”

ಬೀಸಣಿಗೆಯನ್ನೂ ಹಲಗೆಯನ್ನೂ ಅವಳು ತೊಳೆದಳು. ವಿದ್ಯುತ್ತಿನ ಗಟ್ಟಿಯನ್ನು, ಅಂದರೆ ಬ್ಯಾಟರಿಯನ್ನು, ಮೊದಲೇ ಬೇರ್ಪಡಿಸಿದ್ದಳು. ನೆನಪಿನ ಪಟ್ಟಿ ಎಂಬುದೊಂದಿದೆ, ಅರ್ಧ ಬೆರಳಿನಷ್ಟು. ಅಕ್ಕನ ಹೊಲವೆಲ್ಲ ಇರುವುದು ಅದರಲ್ಲೇ. ಅದರ ಅಂಚಿಗೆ ಕೂದಲಿನಷ್ಟು ಸಪೂರವಾದ ಚಿನ್ನದ ಬಣ್ಣದ ಹಲ್ಲುಗಳು, ಅವುಗಳ ಸಂದಿಯಲ್ಲೆಲ್ಲ ಬೂದಿ. ನಲವತ್ತೊಂದು ವರ್ಷ ಪೆನ್ನಿನ ಮುಳ್ಳುಗಳ ಸೀಳನ್ನು ತೊಳೆದವನಿಗೆ ಇದು ಅಪರಿಚಿತ ಕೆಲಸವಲ್ಲ. ಬುರಾನಸಾಬನ ಭೂತಗನ್ನಡಿ ಕಣ್ಣಿಗೇರಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಮೆದು ಕುಂಚದಿಂದ ಒಂದೊಂದೇ ಹಲ್ಲನ್ನು, ಒಂದೇ ದಿಕ್ಕಿಗೆ, ಉಸಿರು ಬಿಗಿಹಿಡಿದು ತೊಳೆದೆ. ಎರಡು ತಾಸು ಹಿಡಿಯಿತೆಂದು ಆಮೇಲೆ ತಿಳಿಯಿತು. ಚಹಾ ಆರಿಹೋಗಿತ್ತು.

ಎಲ್ಲವನ್ನೂ ಮರುಜೋಡಿಸಿ ಗುಂಡಿ ಒತ್ತಿದಾಗ ಪರದೆಯ ಮೇಲೆ ತಯಾರಕರ ಮುದ್ರೆ ಮೂಡಿತು. ನಾನು ಎದ್ದು ನಿಂತೆ. ಮುದ್ರೆ ಅಲ್ಲೇ ನಿಂತಿತು. ಹತ್ತು ನಿಮಿಷವಾದರೂ ಮುಂದೆ ಹೋಗಲಿಲ್ಲ.

“ನೆನಪು ಓದಾಕ ಹತ್ತೈತ್ರಿ, ಖರೆ ಯಂತ್ರಾ ನಡಸೂ ಬರಹ ಅರ್ಧಾ ಕೆಟ್ಟೈತಿ. ಹೊಸಾದು ಬರದ ಬಿಟ್ರ ಇವತ್ತ ಒಯ್ಯಬಹುದು.”

“ಹೊಲ?”

“ಉಳದ್ರ ಉಳೀತು. ಹೋದ್ರ ಹೋತು.”

ಆಗ ನಾನು ಸ್ವಲ್ಪ ಗಡಸಾಗಿಯೇ ಮಾತನಾಡಿದೆನೆಂದು ತೋರುತ್ತದೆ. ಮೂಲಪತ್ರಕ್ಕೆ ತಿದ್ದುಪಡಿ ಹಾಕುವ ಮೊದಲು ದೃಢೀಕೃತ ನಕಲು ತೆಗೆಯಬೇಕು; ನಕಲಿಲ್ಲದೆ ತಿದ್ದುವವನ ಕೈ ಕತ್ತರಿಸಬೇಕು ಎಂದೆ. ಹಿನಾಕೌಸರ ಕುಂಚ ಕೆಳಗಿಟ್ಟು ತನ್ನ ಕೈಗಳನ್ನೊಮ್ಮೆ ನೋಡಿಕೊಂಡಳು. “ಹಂಗಂದ್ರ ಶುಕ್ರವಾರ ಬರ್ರಿ. ನಕಲ ಮೊದಲು.”

ಸಂಜೆ ಮನೆಗೆ ಬಂದು ಎಲ್ಲರನ್ನೂ ಪಡಸಾಲೆಗೆ ಕರೆದೆ. ಬಸ್ಸಿನಲ್ಲೇ ಬರೆದಿದ್ದ ಹೇಳಿಕೆಯನ್ನು ನಿಂತು ಓದಿದೆ: “ಬೈಲಹೊಂಗಲದ ನಿವಾಸಿ ಅಮೋಘಸಿದ್ದಪ್ಪನಾದ ನಾನು ಸ್ವಸ್ಥಚಿತ್ತದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ ಬರೆದುಕೊಡುವುದೇನೆಂದರೆ, ಖಂಡೇನವಮಿಯಂದು ಸುಂದರವ್ವನವರ ಯಂತ್ರಕ್ಕೆ ನೀರುವಿಭೂತಿ ಮತ್ತು ಅಕ್ಷತೆಯನ್ನು ನಾನೇ ಹಾಕಿ ಅದು ಕೆಡಲು ಕಾರಣನಾಗಿದ್ದೇನೆ. ಕಲ್ಮೇಶನ ಮೇಲಿನ ಆರೋಪ ನಿರಾಧಾರ. ಅದನ್ನು ತಿಳಿದ ಮೇಲೂ ಮೂರು ದಿನ ಸುಮ್ಮನಿದ್ದೆ.”

ಕಲ್ಮೇಶ ಬಾಯಿಗೆ ಅಂಗವಸ್ತ್ರ ಅಡ್ಡ ಹಿಡಿದುಕೊಂಡ. ರೇಣು ಒಳಗೆ ಓಡಿಹೋದಳು. ಅಡುಗೆಮನೆಯಿಂದ ನಗೆ ಕೇಳಿಸಿತು.

ಅಕ್ಕ ನಗಲಿಲ್ಲ.

“ಮೂವತ್ತಾರ ವರ್ಷದ ಹಿಂದ ನಮ್ಮ ಮನಿಯವರು ತೀರಿಕೊಂಡಾಗ, ವಾರಸಾ ಕಾಗದಕ್ಕ ನನ್ನ ಹೆಬ್ಬಟ್ಟ ಹಿಡದ ಒತ್ತಿಸಿದಿ. ನಾ ಓದಾಕ ಕಲತೇನಿ, ತಡಿ, ಸಹಿ ಮಾಡತೇನಿ ಅಂದ್ನಿ. ‘ಹೊತ್ತಾಗೇತಿ ಅಕ್ಕಾ’ ಅಂದಿ. ಆ ದಿನದ ತಪ್ಪ ನೀ ಯಾವತ್ತೂ ಒಪ್ಪಲಿಲ್ಲ ತಮ್ಮಾ.” ಆಮೇಲೆ ಕೈಚಾಚಿದಳು. “ಆ ಕಾಗದಾ ಇಲ್ಲೆ ಕೊಡು. ಎರಡಕ್ಕೂ ಸೇರಿಸಿ ಇಟ್ಕೊತೇನಿ.”

ಕೊಟ್ಟೆ. ಅವಳು ಅದನ್ನು ಬಲಗೈಯಿಂದ ತೆಗೆದುಕೊಳ್ಳಲು ಯತ್ನಿಸಿ, ಎರಡನೆಯ ಸಲಕ್ಕೆ ಹಿಡಿದುಕೊಂಡಳು.

ಕಲ್ಮೇಶನಿಗೆ ಕರದಂಟಿನ ದೊಡ್ಡ ತುಂಡು ಸಿಕ್ಕಿತು. ನನಗೂ ಒಂದು ಸಿಕ್ಕಿತು. ಅಂಟು ಹದವಾಗಿಯೇ ಇದೆ.

೧೭ ಅಕ್ಟೋಬರ್, ಶುಕ್ರವಾರ

ಬೆಳಗಿತು!

ನಕಲನ್ನು ಹಿನಾಕೌಸರ ಬೇರೊಂದು ಪೆಟ್ಟಿಗೆಯಲ್ಲಿಟ್ಟು, ಆಮೇಲೆ ಕೆಟ್ಟ ಬರಹವನ್ನು ಅಳಿಸಿ ಹೊಸದು ಬರೆದು, ಹೊಲವನ್ನು ಮರಳಿ ಅದರ ಸ್ಥಾನಕ್ಕೆ ಇಳಿಸಿದ್ದಳು. ನಾನು ಹೇಳದಿದ್ದರೆ ಹೊಲ ಹೋಗಿಯೇ ಬಿಡುತ್ತಿತ್ತೆಂದು ಅವಳೇ ಒಪ್ಪಿಕೊಂಡಳು. ಪರದೆಯ ಮೇಲೆ ಮುದ್ರೆ ಮೂಡಿತು, ಸರಿಯಿತು. ಮಂಜು ಹರಿದಂತೆ ಹೊಲ ಕಾಣಿಸಿತು. ಕೆರೆ, ಬೇಲಿ, ಕುಂಬಳದ ಸಾಲು. ಬೇಲಿಯ ಬಳಿ ನೀಲಿ ಹಸು ಬಾಲ ಬೀಸುತ್ತ ನಿಂತಿತ್ತು.

“ಗೌರಿ ಅದಾಳ,” ಎಂದೆ. ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

ಹೊರಡುವಾಗ ಬುರಾನಸಾಬ ಕೈಹಿಡಿದುಕೊಂಡ. “ಮುಂದಿನ ನವಮಿಗೆ ಒಂದು ಹೂವಾ ಇಡ್ರಿ ಸಾಕು. ಬಾಜೂಕ. ಮ್ಯಾಲೆ ಅಲ್ಲ.”

ಬಸ್ಸಿನಲ್ಲಿ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಕುಂಬಳದ ಸಾಲು ಒಣಗಿದಂತೆ ಕಂಡದ್ದರಿಂದ, ಕೆರೆಯ ನೀರು ಹೇಗೆ ತರುವುದೆಂದು ಹಿನಾಕೌಸರಳಿಂದ ಮೊದಲೇ ಕೇಳಿ ತಿಳಿದಿದ್ದೆ. ಪರೀಕ್ಷಾರ್ಥವಾಗಿ ಎರಡು ಸಾಲಿಗೆ ನೀರುಣಿಸಿದೆ. ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು, ನಡೆದು ಬಂದೆ.

ಅಕ್ಕ ಯಂತ್ರವನ್ನು ತೆಗೆದುಕೊಂಡವಳೇ ಗುರುತಿಸಿದಳು. “ಯಾರ ನೀರ ಬಿಟ್ಟವರು? ಕುಂಬಳಕ್ಕ ಇಷ್ಟ ಬಿಡತಾರೇನ? ಬೇರ ಕೊಳೀತಾವು.”

೨೨ ಅಕ್ಟೋಬರ್, ಬುಧವಾರ. ಬಲಿಪಾಡ್ಯ

‘ಸುಂದ.’

ಸಂಜೆ ‘ಸುಂದರ’, ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿ. ಉಳಿದಿರುವುದು ಐದು ದಿನ. ಅವಳು ಬರೆಯುವ ಹೊತ್ತಿನಲ್ಲಿ ಹೊಲ ಬರಿದೆ ಇರಬಾರದೆಂದು ಹಾಲು ಕರೆಯುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಗೌರಿಯನ್ನು ಎಡಗಡೆಯಿಂದ ಸಮೀಪಿಸಬೇಕು. ಬಲಗಡೆಯಿಂದ ಹೋದರೆ ಬೇಲಿಗೆ ಸಿಕ್ಕಿಕೊಳ್ಳುತ್ತೇವೆ.

೨೭ ಅಕ್ಟೋಬರ್, ಸೋಮವಾರ. ಕಿತ್ತೂರು

ಬೆಳಿಗ್ಗೆ ಏಳಕ್ಕೆ ಕಲ್ಮೇಶನ ಗಾಡಿಯಲ್ಲಿ ಹೊರಟೆವು. ದಾರಿಯುದ್ದಕ್ಕೂ ಅಕ್ಕ ಆಡಿದಳು, ಕೈ ಆರಬಾರದೆಂದು. ಕಚೇರಿಯ ಬೆಂಚಿನ ಮೇಲೂ ಆಡಿದಳು. ಸರದಿಯಲ್ಲಿದ್ದ ರೈತನೊಬ್ಬ ಹೆಗಲ ಮೇಲಿಂದ ಬಗ್ಗಿ ನೋಡಿ, “ಯವ್ವಾ, ಆ ಮೂಲಿ ಹಂಗ ಯಾಕ ಬಿಟ್ಟೀರಿ? ಸೋಯಾ ಹಾಕ್ರಿ,” ಎಂದ. “ಹಿಂಗಾರಿಗೆ ಕಡ್ಲಿ ಹಾಕೂದೈತಿ,” ಎಂದಳು ತಲೆಯೆತ್ತದೆ.

ಕೆಂಚವ್ವ ಹೊಸ ಇಳಕಲ್ಲು ಸೀರೆಯುಟ್ಟು, ಮದುವೆಯ ಹೆಣ್ಣಿನಂತೆ ನಾಚಿಕೊಂಡು ಗೋಡೆಗೆ ಒತ್ತಿ ನಿಂತಿದ್ದಳು. “ಹೆಬ್ಬಟ್ಟ ಒತ್ತಿಬಿಡ ಎವ್ವಾ, ನನಗೇನ ಭೇದಿಲ್ಲ.”

“ನಿನಗಿಲ್ಲ. ನನಗೈತಿ.”

ಹೆಸರು ಕರೆದರು. ನಾನು ಪತ್ರವನ್ನು ಮೇಜಿನ ಮೇಲೆ ಹರಡಿ, ಸಹಿಯ ಸ್ಥಳಕ್ಕೆ ಬೆರಳಿಟ್ಟು ತೋರಿಸಿ, ನನ್ನ ಪೆನ್ನು ಕೊಟ್ಟು, ಹಿಂದೆ ಸರಿದು ನಿಂತೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದೆ.

‘ಸುಂ’ ನೆಟ್ಟಗೆ ಬಂತು. ‘ದ’ ಬಂತು. ‘ರ’ಕ್ಕೆ ಕೈ ನಿಂತಿತು. ಹೆಬ್ಬೆರಳು ಬಿಳಿಚಿಕೊಂಡಿತು. ಹಿಂದಿನಿಂದ ಯಾರೋ “ಹೊತ್ತಾತ್ರಿ” ಎಂದರು. ತಿರುಗಿ ನೋಡಿ, “ಆಗಲಿ ಬಿಡ್ರಿ” ಎಂದೆ. ನನ್ನ ಧ್ವನಿ ಸ್ವಲ್ಪ ದೊಡ್ಡದಾಯಿತೆಂದು ಕಲ್ಮೇಶ ಆಮೇಲೆ ಹೇಳಿದ. ‘ವ್ವ’ ಬರೆಯಲು ಅವಳು ಹೆಬ್ಬೆರಳನ್ನು ಪೆನ್ನಿನ ಮೇಲೆ ಸ್ವಲ್ಪ ಹೊರಳಿಸಿದಳು, ಥೇಟು ಕೆರೆಯಿಂದ ನೀರೆತ್ತುವಾಗ ಹಿಡಿಕೆಯನ್ನು ಹೊರಳಿಸುವಂತೆಯೇ. ಅಕ್ಷರ ಇಳಿಯಿತು.

ಸುಂದರವ್ವ.

ಕೆಂಚವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಲ್ಲಿಯ ಗುಮಾಸ್ತೆ ಒಂದು ಗಾಜಿನ ಯಂತ್ರವನ್ನು ಮುಂದೆ ಸರಿಸಿದಳು. “ಯಜಮಾನತೇರ, ಹೆಬ್ಬಟ್ಟ ಇದರ ಮ್ಯಾಲೆ ಇಡ್ರಿ. ಸಹಿ ಮಾಡಿದ್ರೂ ಎಲ್ಲಾರೂ ಇಡಬೇಕ್ರಿ, ನಿಯಮಾ.”

ಈ ನಿಯಮ ನನಗೆ ಗೊತ್ತಿತ್ತು, ಹೇಳಲು ಮರೆತಿದ್ದೆ. ಅಕ್ಕ ಗಾಜನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಇಡೀ ಕಚೇರಿ ತಿರುಗುವಂತೆ ನಕ್ಕಳು. “ಇಡತೇನಿ ತಗೋ. ಈಗ ಇದು ದುಡಿಯೂ ಹೆಬ್ಬಟ್ಟ!”

೨ ನವೆಂಬರ್, ಭಾನುವಾರ. ಬೈಲಹೊಂಗಲ

ಅಕ್ಕ ಇನ್ನೆರಡು ತಿಂಗಳು ಇಲ್ಲಿಯೇ ಇರುತ್ತಾಳೆ. ಹೊಲದ ವಿಷಯದಲ್ಲಿ ನಮ್ಮಿಬ್ಬರಿಗೂ ದಿನಾಲು ತಕರಾರು ಬರುತ್ತಿರುವುದರಿಂದ ಲಿಖಿತ ಒಪ್ಪಂದ ಅಗತ್ಯವೆನಿಸಿತು. ಕೆರೆಯ ಮೇಲಿನ ತುಂಡನ್ನು ಒಂದು ಸುಗ್ಗಿಯ ಮಟ್ಟಿಗೆ ನನಗೆ ಲಾವಣಿಗೆ, ಅಂದರೆ ಗೇಣಿಗೆ, ಕೊಡಲು ಅವಳು ಒಪ್ಪಿದಳು. ಬಂದ ಫಸಲಿನಲ್ಲಿ ಅರ್ಧ ಅವಳಿಗೆ, ಅರ್ಧ ನನಗೆ. ಚಕ್ಕುಬಂದಿ ಬರೆದೆ: ಪೂರ್ವಕ್ಕೆ ಕೆರೆ, ಪಶ್ಚಿಮಕ್ಕೆ ಗೌರಿಯ ಕೊಟ್ಟಿಗೆ, ಉತ್ತರಕ್ಕೆ ಕೆಂಪು ಹೆಂಚಿನ ಅಂಗಡಿ, ದಕ್ಷಿಣಕ್ಕೆ ಪರದೆಯ ಅಂಚು. ಷರತ್ತು: ಲಾವಣಿದಾರನು ಜಮೀನಿಗೆ ಯಾವ ಕಾರಣಕ್ಕೂ ವಿಭೂತಿ ಹಚ್ಚತಕ್ಕದ್ದಲ್ಲ. ಇದನ್ನು ಹೇಳಿ ಬರೆಯಿಸಿದವಳು ರೇಣು.

ಅಕ್ಕ ಬಲಗೈಯಿಂದ ಪೂರ್ಣ ಸಹಿ ಮಾಡಿದಳು, ಒಂದೇ ಓಟಕ್ಕೆ. ನಾನು ಪೆನ್ನಿಗೆ ಕೈಚಾಚಿದೆ. ಅವಳು ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟಳು. ಕಲ್ಮೇಶ ಎಲ್ಲಿಂದಲೋ ಶಾಯಿಯ ಡಬ್ಬಿ ತಂದು ಮುಂದಿಟ್ಟ. ಮೊದಲೇ ಮಾತಾಡಿಕೊಂಡಿದ್ದರೆಂದು ಈಗ ಅರ್ಥವಾಗುತ್ತದೆ.

“ತಡಿ, ಸಹಿ ಮಾಡತೇನಿ,” ಎಂದೆ.

“ಹೊತ್ತಾಗೇತಿ ತಮ್ಮಾ,” ಎಂದಳು ಅಕ್ಕ. ನನ್ನ ಹೆಬ್ಬೆರಳನ್ನು ತನ್ನ ಬಲಗೈಯ ಐದೂ ಬೆರಳಿನಿಂದ ಗಟ್ಟಿಯಾಗಿ ಹಿಡಿದು, ಶಾಯಿಯಲ್ಲಿ ಅದ್ದಿ, ಕಾಗದಕ್ಕೆ ಒತ್ತಿದಳು.

ಅಷ್ಟು ಬಲ ಇದೆಯೆಂದು ಭಾವಿಸಿರಲಿಲ್ಲ. ಶಾಯಿ ಸಾಬೂನಿಗೂ ಹೋಗಿಲ್ಲ. ನಾಳೆ ಬೆಳಿಗ್ಗೆ ಅಕ್ಕ ಏಳುವ ಮೊದಲೇ ಇದೇ ಹೆಬ್ಬೆರಳಿನಿಂದ ಕುಂಬಳಕ್ಕೆ ನೀರು ಬಿಡಬೇಕು, ಹದವಾಗಿ.